ಟೆಕ್ಸಸ್‌ಗೆ ಬರೋ ಮುಂಚೆ ಈ ಕಾನೂನು ಒಂದ್ಸಲ ತಿಳ್ಕೊಂಡಿರಮ್ಮ

ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗೋ ಎಚ್4 ವೀಸಾ ಮೇಲೆ ಡಲ್ಲಾಸ್‌ಗೆ ಬರ್ತಿದೀನಿ ಅಕ್ಕಾ, ಅಲ್ಲಿ ಎಲೆಕ್ಷನ್‌ಗೆ ನಿಂತೋರು ರೇಪ್ ಆದವರಿಗೆ ಅಬಾರ್ಷನ್ ಕೊಡಬೇಕಾ ಬೇಡ್ವಾ ಅಂತ ಒಬ್ಬೊಬ್ರು ಒಂದೊಂದು ಮಾತಾಡ್ತಾರೆ, ವೋಟೇ ಇಲ್ಲದ ನಾವು ಇದನ್ನೆಲ್ಲ ತಲೆಗೆ ಹಚ್ಕೋಬೇಕಾ ಅಂತ ಕೇಳಿದೀಯಲ್ಲ, ಹಚ್ಕೋಬೇಕಮ್ಮ. ಇಲ್ಲಿಗೆ ಬರೋ ಹುಡುಗೀರು ಮನೆ ಬಾಡಿಗೆ ಕೇಳ್ತಾರೆ, ಡ್ರೈವಿಂಗ್ ಕ್ಲಾಸ್ ಕೇಳ್ತಾರೆ, ಇದನ್ನ ಯಾರೂ ಕೇಳಲ್ಲ, ನೀನು ಕೇಳಿದ್ದು ಒಳ್ಳೇದೇ ಆಯ್ತು.

ಮೊದಲು ಕಾನೂನು ಏನಿದೆ ನೋಡು. 1973ರ ರೋ ತೀರ್ಪಿಂದ ಇಡೀ ದೇಶಕ್ಕೆ ಅಬಾರ್ಷನ್ ಹಕ್ಕು ಅಂತ ಒಂದಿತ್ತು, ಅದನ್ನ ಸುಪ್ರೀಂ ಕೋರ್ಟು 2022ರ ಜೂನ್ 24ಕ್ಕೆ ಡಾಬ್ಸ್ ಕೇಸಲ್ಲಿ ತೆಗೆದುಹಾಕ್ತು, ಆಮೇಲೆ ಒಂದೊಂದು ರಾಜ್ಯಕ್ಕೆ ಒಂದೊಂದು ರೂಲ್ಸು. ಟೆಕ್ಸಸ್‌ನಲ್ಲಿ ತಾಯಿ ಜೀವಕ್ಕೆ ಅಪಾಯ ಇದ್ರೆ ಅಥವಾ ದೇಹಕ್ಕೆ ದೊಡ್ಡ ಹಾನಿ ಆಗೋ ಹಂಗಿದ್ರೆ ಮಾತ್ರ ಅಬಾರ್ಷನ್, ರೇಪ್ ಆಗಿದೆ ಅನ್ನೋದು ಇಲ್ಲಿ ಕಾರಣವೇ ಅಲ್ಲ. ಮನೆಯವರೇ ಕೆಡಿಸಿದ ಹುಡುಗಿಗೂ ಅದೇ ರೂಲ್ಸು. ಮಾಡಿದ ಡಾಕ್ಟರಿಗೆ ಜೀವಾವಧಿವರೆಗೂ ಜೈಲು ಆಗಬಹುದು, ಮೇಲೆ ಒಂದು ಲಕ್ಷ ಡಾಲರ್‌ಗೆ ಕಮ್ಮಿ ಇಲ್ಲದ ದಂಡ. ನಮ್ಮ ಇಂಡಿಯಾದಲ್ಲಿ ಅಬಾರ್ಷನ್ ಕಾನೂನಿಗೆ 2021ರ ತಿದ್ದುಪಡಿ ಆದ್ಮೇಲೆ ಅತ್ಯಾಚಾರ ಆದವರಿಗೆ 24 ವಾರದವರೆಗೆ ಅವಕಾಶ ಇದೆ, ಅಮೆರಿಕ ಅಂದ್ರೆ ಅದಕ್ಕಿಂತ ಸಲೀಸು ಅಂದ್ಕೊಂಡು ಬರೋರೇ ಜಾಸ್ತಿ.

ಇನ್ನು ಕ್ಯಾಂಡಿಡೇಟ್‌ಗಳ ವಿಷ್ಯ. 2024ರ ಪ್ರೆಸಿಡೆಂಟ್ ಎಲೆಕ್ಷನ್‌ನಲ್ಲಿ ಟ್ರಂಪ್ ಹೇಳಿದ್ದು ರೇಪ್‌ಗೆ ಎಕ್ಸೆಪ್ಶನ್, ಅಂದ್ರೆ ನಿಷೇಧದಿಂದ ವಿನಾಯಿತಿ, ಇರಬೇಕು ಆದ್ರೆ ರಾಜ್ಯಗಳೇ ತೀರ್ಮಾನ ಮಾಡ್ಲಿ ಅಂತ, ಹ್ಯಾರಿಸ್ ಹೇಳಿದ್ದು ರೋ ಕಾಲದ ಹಕ್ಕನ್ನ ಕಾಂಗ್ರೆಸ್, ಅಂದ್ರೆ ಇಲ್ಲಿನ ಪಾರ್ಲಿಮೆಂಟು, ಕಾನೂನು ಮಾಡಿ ವಾಪಸ್ ತರಲಿ, ನಾನು ಸೈನ್ ಹಾಕ್ತೀನಿ ಅಂತ. ಟಿವೀಲಿ ನೋಡಿದೋರಿಗೆ ಇಬ್ರೂ ರೇಪ್ ಆದವರ ಪರ ಇದಾರಲ್ಲ ಅನ್ಸತ್ತೆ, ಆದ್ರೆ ರಾಜ್ಯಕ್ಕೆ ಬಿಟ್ಟಿದ್ದು ಅಂದ ಮೇಲೆ ಪ್ರೆಸಿಡೆಂಟ್ ಎಕ್ಸೆಪ್ಶನ್ ಬೇಕು ಅಂದ್ರೂ ಡಲ್ಲಾಸ್‌ನಲ್ಲಿರೋ ಹುಡುಗಿಗೆ ಅದರಿಂದ ಏನೂ ಆಗಲ್ಲ. ಇಲ್ಲಿನ ಗವರ್ನರ್ ಅಬಾಟ್ ಅವರನ್ನ 2021ರಲ್ಲಿ ಇದೇ ಪ್ರಶ್ನೆ ಕೇಳಿದಾಗ, ರೇಪ್ ಮಾಡೋರನ್ನೆಲ್ಲ ಹಿಡಿದು ಬೀದೀಲೇ ಇಲ್ಲದ ಹಾಗೆ ಮಾಡ್ತೀವಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ರು. ಆಗಲೇ ಆಗಿಹೋದವಳ ಗತಿ ಏನು ಅನ್ನೋದಕ್ಕೆ ಅದರಲ್ಲಿ ಉತ್ತರ ಎಲ್ಲಿದೆ ಹೇಳು, ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಎಕ್ಸೆಪ್ಶನ್ ಇದೆ ಅನ್ನೋ ರಾಜ್ಯಗಳಲ್ಲೂ ಷರತ್ತು ಓದಬೇಕು. ಜಾರ್ಜಿಯಾದಲ್ಲಿ ಪೊಲೀಸ್ ಕಂಪ್ಲೇಂಟ್ ಆಗಿರಬೇಕು, ಅಯೋವಾದಲ್ಲಿ ಘಟನೆ ಆದ 45 ದಿನದೊಳಗೆ ಹೇಳಿರಬೇಕು. ಹೊಸ ದೇಶ, ವೀಸಾ ಗಂಡನ ಮೇಲೆ, ಮಾಡಿದೋನು ಗುರುತಿನೋನೇ ಆಗಿದ್ರೆ ಯಾವ ಹೆಣ್ಣು ಓಡಿ ಹೋಗಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತತಾಳೆ, ಬಾಯಿ ಬಿಡೋಕೇ ತಿಂಗಳುಗಟ್ಲೆ ಬೇಕು, ಅಷ್ಟೊತ್ತಿಗೆ ಅಬಾರ್ಷನ್‌ಗೆ ಕಾನೂನು ಕೊಟ್ಟ ವಾರದ ಲೆಕ್ಕ ಮುಗಿದುಹೋಗಿರತ್ತೆ. ಹಾಗಾಗಿ ನಾನು ಎಕ್ಸೆಪ್ಶನ್ ಪರ ಅಂತ ಯಾರಾದ್ರೂ ಅಂದ್ರೆ ಅಷ್ಟಕ್ಕೇ ನಂಬಬೇಡ.

ಜನ ಇದನ್ನ ನೋಡ್ತಾ ಇಲ್ಲ ಅಂತಲೂ ಅಲ್ಲ. 2012ರಲ್ಲಿ ಮಿಸೌರಿಯಲ್ಲಿ ಟಾಡ್ ಏಕಿನ್ ಅಂತ ಸೆನೆಟ್‌ಗೆ ನಿಂತಿದ್ದವರು ನಿಜವಾದ ರೇಪ್ ಆದ್ರೆ ಹೆಂಗಸಿನ ದೇಹವೇ ಗರ್ಭ ತಡೆಯತ್ತೆ ಅನ್ನೋ ಹಾಗೆ ಮಾತಾಡಿ ಸೋತ್ರು. 2023ರಲ್ಲಿ ಕೆಂಟಕಿಯಲ್ಲಿ, ಚಿಕ್ಕ ವಯಸ್ಸಲ್ಲೇ ಮಲತಂದೆಯಿಂದ ಗರ್ಭಿಣಿ ಆಗಿದ್ದ ಯುವತಿಯೊಬ್ಬಳು ಗವರ್ನರ್ ಬೆಶಿಯರ್ ಅವರ ಜಾಹೀರಾತಲ್ಲಿ ಬಂದು ನೇರವಾಗಿ ಮಾತಾಡಿದಳು, ಅದೇ ಎಲೆಕ್ಷನ್‌ನಲ್ಲಿ ಎದುರಾಳಿ ಕ್ಯಾಮರನ್ ಕೂಡ ಎಕ್ಸೆಪ್ಶನ್ ಬಿಲ್ ಬಂದ್ರೆ ಸೈನ್ ಹಾಕ್ತೀನಿ ಅಂತ ಹೇಳಬೇಕಾಯ್ತು, ಕೊನೆಗೆ ಗೆದ್ದಿದ್ದು ಬೆಶಿಯರ್. ಆ ಹುಡುಗಿ ಧೈರ್ಯ ದೊಡ್ಡದು.

ಈಗ ನಿನಗೆ ಬೇಕಾಗಿದ್ದು. ಯಾರಿಗೂ ಹಂಗೆ ಆಗೋದು ಬೇಡ, ಆದ್ರೂ ತಿಳ್ಕೊಂಡಿರು, ನಿನಗಲ್ಲದಿದ್ರೂ ಪಕ್ಕದ ಮನೆಯವಳಿಗೆ ಬೇಕಾಗಬಹುದು. ಗರ್ಭ ನಿಲ್ಲದ ಹಾಗೆ ತಡೆಯೋ ಪ್ಲ್ಯಾನ್ ಬಿ ಮಾತ್ರೆ ಟೆಕ್ಸಸ್‌ನಲ್ಲೂ ಲೀಗಲ್, ಚೀಟಿ ಬೇಡ, ವಯಸ್ಸೂ ಕೇಳಲ್ಲ, 72 ಗಂಟೆ ಒಳಗೆ ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು. ‘ಎಲ್ಲಾ’ (ella) ಅನ್ನೋ ಹೆಸರಿನ ಇನ್ನೊಂದು ಮಾತ್ರೆ 120 ಗಂಟೆವರೆಗೂ ಆಗತ್ತೆ, ಅದಕ್ಕೆ ಡಾಕ್ಟರ್ ಚೀಟಿ ಬೇಕು. ಎಚ್‌ಐವಿ ತಡೆಯೋ ಔಷಧಿನೂ 72 ಗಂಟೆ ಒಳಗೇ ಶುರು ಮಾಡಬೇಕು. ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ ಸಾಕ್ಷ್ಯ ತೆಗೆದಿಡೋ ಫೊರೆನ್ಸಿಕ್ ಪರೀಕ್ಷೆ ಮಾಡಿಸ್ಕೊಳ್ಳೋಕೆ ಪೊಲೀಸ್ ಕಂಪ್ಲೇಂಟ್ ಕೊಡಲೇಬೇಕು ಅಂತಿಲ್ಲ, ಆ ಪರೀಕ್ಷೆ ದುಡ್ಡು ನಿನ್ನ ಹತ್ರ ಕೇಳೋ ಹಾಗಿಲ್ಲ. ಬೇರೆ ಚಿಕಿತ್ಸೆದು ಮಾತ್ರ ಇನ್ಶೂರೆನ್ಸ್ ಗಂಡನ ಹೆಸರಲ್ಲಿದ್ರೆ ಸ್ಟೇಟ್‌ಮೆಂಟು ಅವನಿಗೇ ಹೋಗಬಹುದು, ಬೇಡ ಅನ್ನಿಸಿದ್ರೆ ಅಲ್ಲೇ ಮೊದಲೇ ಹೇಳ್ಬಿಡು. ಬೇರೆ ರಾಜ್ಯಕ್ಕೆ, ಉದಾಹರಣೆಗೆ ಪಕ್ಕದ ನ್ಯೂ ಮೆಕ್ಸಿಕೊಗೆ, ಹೋಗಿ ಅಬಾರ್ಷನ್ ಮಾಡಿಸ್ಕೊಂಡ್ರೆ ಅಲ್ಲಿ ಅದು ಕಾನೂನುಬದ್ಧ, ಟೆಕ್ಸಸ್ ನಿಷೇಧ ಕಾನೂನಲ್ಲೂ ಶಿಕ್ಷೆ ಇರೋದು ಮಾಡಿದೋರಿಗೆ, ಗರ್ಭಿಣಿಗಲ್ಲ. ಲೈಂಗಿಕ ದೌರ್ಜನ್ಯ ಆದವರಿಗೆ ನೆರವಾಗೋ ರೇನ್ (RAINN) ಅನ್ನೋ ಸಂಸ್ಥೆ ಸಹಾಯವಾಣಿ 800-656-4673, ಹಗಲು ರಾತ್ರಿ ಇರತ್ತೆ.

ಗಂಡನೇ ಕಿರುಕುಳ ಕೊಟ್ರೆ ವೀಸಾ ಹೋಗತ್ತೆ ಅಂತ ಹೆದರಿ ಸುಮ್ಮನಿರೋರು ಬಹಳ ಜನ. ಅಂಥ ಎಚ್4 ಹೆಂಡತಿಗೆ ತನ್ನದೇ ವರ್ಕ್ ಪರ್ಮಿಟ್‌ಗೆ ಐ-765ವಿ ಅಂತ ಬೇರೆ ಫಾರಂ ಇದೆ, ತನಿಖೆಗೆ ಸಹಕರಿಸೋ ಸಂತ್ರಸ್ತರಿಗೆ ಯು ವೀಸಾನೂ ಇದೆ, ಆದ್ರೆ ವರ್ಷಕ್ಕೆ 10,000 ಮಾತ್ರ ಆಗಿರೋದ್ರಿಂದ ಕ್ಯೂ ಉದ್ದ.

ವೋಟಿನ ಬಗ್ಗೆ ಒಂದು ಎಚ್ಚರಿಕೆ, ಲೈಸೆನ್ಸ್ ಮಾಡಿಸುವಾಗ ವೋಟರ್ ರಿಜಿಸ್ಟ್ರೇಶನ್ ಬೇಕಾ ಅಂತ ಕೇಳ್ತಾರೆ, ಮರೆತೂ ಹೂಂ ಅನ್ನಬೇಡ. ಗ್ರೀನ್ ಕಾರ್ಡ್ ಇಲ್ಲದೆ ಕ್ಯಾಂಡಿಡೇಟ್‌ಗೆ ದೇಣಿಗೆ ಕೊಡೋದೂ ಅಪರಾಧ. ಆದ್ರೆ ನಿಮ್ಮ ಏರಿಯಾದಿಂದ ಟೆಕ್ಸಸ್ ರಾಜಧಾನಿ ಆಸ್ಟಿನ್‌ನಲ್ಲಿರೋ ರಾಜ್ಯದ ಅಸೆಂಬ್ಲಿಗೆ ನಿಲ್ಲೋರ ಸಭೆಗೆ ಹೋಗಬಹುದು, ಕೈ ಎತ್ತಿ ಕೇಳಬಹುದು: ರೇಪ್ ಆದವಳಿಗೆ ಎಷ್ಟು ವಾರದವರೆಗೆ, ಪೊಲೀಸ್ ಕಾಗದ ಇಲ್ಲದೆ ಆಗತ್ತಾ, ಮಾಡಿದ ಡಾಕ್ಟರಿಗೆ ಜೈಲಾ. ಬಂದು ಸೆಟ್ಲ್ ಆದ್ಮೇಲೆ ಹೇಳು, ಮೊದಲ ಸಭೆಗೆ ನಾನೂ ಜೊತೆಗೆ ಬರ್ತೀನಿ.