ಸಮುದ್ರದಾಳದ ಬೆಟ್ಟಗಳಿಗೆ ಅಧಿಕೃತ ಹೆಸರು ಸಿಗುವುದು ಹೇಗೆ?

ಕರಾವಳಿಯಿಂದ 12 ನಾಟಿಕಲ್ ಮೈಲಿಯೊಳಗಿದ್ದರೆ ಅದು ಆಯಾ ದೇಶದ ಹೆಸರು ಪ್ರಾಧಿಕಾರದ ಕೆಲಸ. ಅದರಾಚೆಯ ಪ್ರಸ್ತಾವಗಳನ್ನು ಪರಿಶೀಲಿಸುವುದು ವಿಶ್ವದ ಸಾಗರಗಳ ಆಳದ ನಕ್ಷೆ ಸಿದ್ಧಪಡಿಸುವ 'ಗೆಬ್ಕೊ' ಯೋಜನೆಯ ಉಪಸಮಿತಿ 'ಸ್ಕಫನ್'. ಅಂತರರಾಷ್ಟ್ರೀಯ ಜಲವಿವರಣ ಸಂಸ್ಥೆಯಿಂದ ಆರು, ಯುನೆಸ್ಕೋದ ಸಾಗರ ಆಯೋಗದಿಂದ ಆರು ತಜ್ಞರು ಅದರಲ್ಲಿರುತ್ತಾರೆ.

ಹೆಸರಿಗೆ ಎರಡು ಭಾಗ: ವಿಶೇಷನಾಮ ಮತ್ತು ಭೂರೂಪದ ಬಗೆ. ಬಗೆಯನ್ನು ಅಳತೆಯೇ ನಿರ್ಧರಿಸುತ್ತದೆ. 'ಸೀಮೌಂಟ್' (ಸಮುದ್ರದಾಳದ ಬೆಟ್ಟ) ಎನ್ನಲು ಸುತ್ತಲಿನ ತಳದಿಂದ 1000 ಮೀಟರಿಗಿಂತ ಹೆಚ್ಚು ಎತ್ತರ ಬೇಕು, 950 ಇದ್ದರೆ ಆಗದು. ಪ್ರಸ್ತಾವದ ನಮೂನೆಯಲ್ಲಿ ಅಕ್ಷಾಂಶ-ರೇಖಾಂಶ, ಕನಿಷ್ಠ-ಗರಿಷ್ಠ ಆಳ, ಹೆಸರಿನ ಹಿನ್ನೆಲೆ ತುಂಬಬೇಕು.

ಪ್ರಸ್ತಾವದ ಜೀವಾಳ ಆಳದ ನಕ್ಷೆ. ಹಡಗು ಸಾಗಿದ ಸಮೀಕ್ಷಾ ರೇಖೆಗಳು ಅದರಲ್ಲಿ ಕಾಣಲೇಬೇಕು. ಅವಿಲ್ಲದಿದ್ದರೆ ಚಿತ್ರದಲ್ಲಿರುವ ಉಬ್ಬು ನಿಜವಾಗಿ ಅಳೆದದ್ದೋ, ಉಪಗ್ರಹದ ದತ್ತಾಂಶದಿಂದ ಅಂದಾಜಿಸಿದ್ದೋ ತಿಳಿಯದು. ಮೊದಲೇ ಹೆಸರಿದೆಯೇ ಎಂದು ಗೆಬ್ಕೊ ಗೆಜೆಟಿಯರ್‌ನಲ್ಲಿ (ಅಧಿಕೃತ ಹೆಸರುಗಳ ಪಟ್ಟಿ) ನೋಡಿಕೊಳ್ಳಿ.

ಬದುಕಿರುವವರ ಹೆಸರು ಸಾಮಾನ್ಯವಾಗಿ ಒಪ್ಪಿತವಾಗದು. ಇದು ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ. ನಕ್ಷೆ ಹೊಗಳಿಕೆಯ ಫಲಕವಾಗಬಾರದು. ಅರಬ್ಬಿ ಸಮುದ್ರದ 'ರಾಮನ್ ರಿಡ್ಜ್' ಎಂಬ ಉದ್ದನೆಯ ದಿಬ್ಬ ಸರ್ ಸಿ. ವಿ. ರಾಮನ್ ಅವರ ಹೆಸರು ಹೊತ್ತಿದ್ದು ಅವರು ತೀರಿಕೊಂಡ (1970) ಎಷ್ಟೋ ವರ್ಷಗಳ ಮೇಲೆ. ಒಪ್ಪಿಗೆ ಸಿಕ್ಕ ಹೆಸರು ಗೆಜೆಟಿಯರ್ ಸೇರುತ್ತದೆ, ಅಲ್ಲಿಂದ ನಕ್ಷೆಗಳಿಗೆ ಹೋಗುತ್ತದೆ.