ಓದುಗರ ಪ್ರಶ್ನೆ: ಸೂತ್ರಧಾರನಿಗೆ ಐದು ನಿಮಿಷ ಕೊಡಿ

ಪ್ರಶ್ನೆ: ಕಾಲೇಜಿನ ವಾರ್ಷಿಕೋತ್ಸವಕ್ಕೆ ‘ಶಾಕುಂತಲ’ವನ್ನು ಕನ್ನಡದಲ್ಲಿ ಆಡಿಸುತ್ತಿದ್ದೇನೆ. ಸಿಕ್ಕಿರುವುದು ಒಂದೇ ತಾಸು. ಸೂತ್ರಧಾರ, ನಟಿಯರ ಮಾತು ತೆಗೆದುಹಾಕಿ ನೇರ ದುಷ್ಯಂತನ ಬೇಟೆಯಿಂದಲೇ ಶುರು ಮಾಡೋಣ ಅನ್ನುತ್ತಾರೆ ಹುಡುಗರು. ತೆಗೆದರೆ ನಷ್ಟವುಂಟೇ ಸರ್?
– ಉಪನ್ಯಾಸಕಿ, ಶಿರಸಿ

ಉತ್ತರ: ಉಂಟಮ್ಮಾ, ದೊಡ್ಡದೇ ಉಂಟು. ಆ ಭಾಗ ಆಡಿದರೆ ಐದು ನಿಮಿಷ ಹಿಡಿದೀತು. ಅಷ್ಟರಲ್ಲಿ ಕಾಳಿದಾಸ ಏನೇನು ಮಾಡಿಟ್ಟಿದ್ದಾನೆ ನೋಡಿ. ನಾಂದಿ, ಅಂದರೆ ಮೊದಲಿನ ಮಂಗಳ ಶ್ಲೋಕ, ಮುಗಿದ ಮೇಲೆ ಸೂತ್ರಧಾರ ಬಂದು ನಟಿಯನ್ನು ಕರೆಯುತ್ತಾನೆ. ಇದು ಬಲ್ಲವರ ಸಭೆ, ಇವರು ತಲೆದೂಗುವ ತನಕ ನನ್ನ ವಿದ್ಯೆಯ ಮೇಲೆ ನನಗೇ ನಂಬಿಕೆಯಿಲ್ಲ ಅನ್ನುತ್ತಾನೆ. ಈಗಷ್ಟೇ ಕಾಲಿಟ್ಟ ಬೇಸಿಗೆಯ ಮೇಲೊಂದು ಹಾಡು ಹೇಳು ಅನ್ನುತ್ತಾನೆ. ಆಕೆ ಹಾಡುವುದು ಶಿರೀಷದ, ಅಂದರೆ ನಮ್ಮ ಬಾಗೆ ಮರದ ಹೂವಿನ ಹಾಡು: ದುಂಬಿ ಮುಟ್ಟಿಯೂ ಮುಟ್ಟದಂತೆ ಮುತ್ತಿಟ್ಟು ಹೋದ ಹೂವನ್ನು ಹೆಂಗಸರು ನೋವಾಗದ ಹಾಗೆ ಕಿತ್ತು ಕಿವಿಗೆ ಇಟ್ಟುಕೊಳ್ಳುತ್ತಾರೆ. ಸಭೆ ಚಿತ್ರ ಬರೆದ ಹಾಗೆ ಕೂತುಬಿಡುತ್ತದೆ. ಆಗ ಸೂತ್ರಧಾರ ಕೇಳುತ್ತಾನೆ, ‘ಸರಿ, ಈಗ ಯಾವ ನಾಟಕ ಆಡೋಣ?’ ನೀವೇ ಆಗಲೇ ಶಾಕುಂತಲ ಅಂದಿರಲ್ಲ ಅನ್ನುತ್ತಾಳೆ ನಟಿ. ಹೌದಲ್ಲ, ಆ ಗಳಿಗೆಗೆ ಮರೆತೇಬಿಟ್ಟಿದ್ದೆ. ನಿನ್ನ ಹಾಡು ನನ್ನನ್ನು ಸೆಳೆದುಕೊಂಡು ಹೋಯಿತು, ಇಗೋ ಈ ದುಷ್ಯಂತನನ್ನು ಜಿಂಕೆ ಸೆಳೆದುಕೊಂಡು ಬಂದ ಹಾಗೆ ಅನ್ನುತ್ತಾನೆ ಇವನು. ಮಾತು ಮುಗಿಯುವುದರೊಳಗೆ ಬಿಲ್ಲು ಹಿಡಿದ ರಾಜ ರಥದಲ್ಲಿ ಬಂದಾಯಿತು.

ಚೆಂದದ್ದಕ್ಕೆ ಮನಸೋತವನು ಮಾಡಬೇಕಾದ್ದನ್ನು ಮರೆಯುತ್ತಾನೆ. ಇಡೀ ನಾಟಕ ನಡೆಯುವುದೇ ಹೀಗೆ. ರಾಜನ ನೆನಪಲ್ಲಿ ಮೈಮರೆತು ಕೂತದ್ದಕ್ಕೇ ಶಕುಂತಲೆಗೆ ದೂರ್ವಾಸರ ಶಾಪ ತಗಲುವುದು. ಐದನೆಯ ಅಂಕದಲ್ಲಿ ರಾಜ ‘ಈಕೆ ಯಾರೋ ನಾನರಿಯೆ’ ಅನ್ನುವಾಗ ಸಭೆಗೆ ಅವನ ಮೇಲೆ ಬರೀ ಸಿಟ್ಟು ಬರದೆ ಕನಿಕರವೂ ಹುಟ್ಟಬೇಕು. ಅದಕ್ಕೆ ಬೇಕಾದ ಹದವನ್ನು ಸೂತ್ರಧಾರ ನಗುನಗುತ್ತ ಮೊದಲೇ ಮಾಡಿಟ್ಟು ಹೋಗಿರುತ್ತಾನೆ. ಯಾವ ಕಣ್ಣಿಂದ ನೋಡಬೇಕು ಅನ್ನುವುದನ್ನು ಸಭೆಗೆ ಕಲಿಸಿಕೊಡುವುದು ಪ್ರಸ್ತಾವನೆಯ, ಅಂದರೆ ನಾಟಕದ ಮೊದಲಿನ ಈ ಮಾತುಕತೆಯ ಕೆಲಸ. ಕವಿಯ ಹೆಸರು, ನಾಟಕದ ಹೆಸರು ಹೇಳುವುದು ಆಮೇಲಿನದು.

ನಿಮ್ಮ ಊರಲ್ಲೇ ಬಾಲ್ಯ ಕಳೆದ ಗಿರೀಶ ಕಾರ್ನಾಡರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ತಲೆ ಅದಲುಬದಲಾಗುವ ‘ಹಯವದನ’ ಶುರುವಾಗುವುದು ಗಣಪತಿ ಪೂಜೆಯಿಂದ. ಆನೆಯ ತಲೆ ಹೊತ್ತ ದೇವರಿಗೆ ಕೈಮುಗಿದಾಗಲೇ ಅರ್ಧ ವಿಷಯ ಬಂದುಹೋಗಿರುತ್ತದೆ.

ಆದ್ದರಿಂದ, ನಾಂದಿಯ ಶ್ಲೋಕ ಹೇಳುವವರಿಲ್ಲದಿದ್ದರೆ ಬಿಡಿ. ಸಭೆಯನ್ನು ಹೊಗಳುವ ಮಾತನ್ನು ಮೊಟಕು ಮಾಡಿ. ಹಾಡು, ಮರೆವು, ಜಿಂಕೆ ಇವಿಷ್ಟನ್ನು ಮುಟ್ಟಬೇಡಿ. ನಟಿಯ ಪಾತ್ರಕ್ಕೆ ಹಾಡು ಬರುವ ಹುಡುಗಿಯನ್ನೇ ಹಾಕಿ. ರೆಕಾರ್ಡ್ ಹಾಕಿದಿರೋ, ಕೆಟ್ಟಿತು. ಸಮಯ ಸಾಲದಿದ್ದರೆ ಸ್ವಾಗತ ಭಾಷಣದಿಂದ ಕತ್ತರಿಸಿ. ಕಾಲಮಿತಿಯ ಯಕ್ಷಗಾನದಲ್ಲೂ ಇದೇ ಗೋಳು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷದ ಪೂರ್ವರಂಗಕ್ಕೆ, ಅಂದರೆ ಕತೆಗೆ ಮುಂಚಿನ ಕುಣಿತಕ್ಕೆ ಪುರುಸೊತ್ತಿಲ್ಲ. ನಡುವೆ ಕುರ್ಚಿ ಹಾಕಿ ಶಾಲು ಹೊದೆಸಲಿಕ್ಕೆ ಬೇಕಾದಷ್ಟು ಉಂಟು. ಕೋಡಂಗಿಯಾಗಿ ಕುಣಿಯುವವರು ಈಗಷ್ಟೇ ಗೆಜ್ಜೆ ಕಟ್ಟಿದ ಪೋರರು. ಜನ ಇನ್ನೂ ಚಾ ಕುಡಿದು ಬಂದು ಕೂರುತ್ತಿರುತ್ತಾರೆ, ಹೆಜ್ಜೆ ತಪ್ಪಿದರೂ ಯಾರೂ ಬಯ್ಯುವುದಿಲ್ಲ. ಆ ಹೊತ್ತನ್ನೂ ಕಿತ್ತುಕೊಂಡರೆ ಅವರು ರಂಗದ ಭಯ ಬಿಡುವುದೆಲ್ಲಿ?

ಪ್ರಶ್ನೆ: ‘ರೋಮಿಯೋ ಜೂಲಿಯೆಟ್’ನ ಮೊದಲ 14 ಸಾಲುಗಳಲ್ಲೇ ಇಬ್ಬರೂ ಸಾಯುತ್ತಾರೆ ಅಂತ ಹೇಳಿಬಿಡುತ್ತಾರೆ. ಮತ್ತೆ ನೋಡುವುದೇನು?
– ಬಿ.ಎ. ವಿದ್ಯಾರ್ಥಿ, ಕುಮಟಾ

ಉತ್ತರ: ತಮ್ಮಾ, ನಿಮ್ಮ ಊರ ಕಡೆ ‘ಕೃಷ್ಣಸಂಧಾನ’ ತಾಳಮದ್ದಳೆಗೆ, ವೇಷ ಕುಣಿತವಿಲ್ಲದೆ ಕೂತು ಮಾತಲ್ಲೇ ನಡೆಸುವ ಆ ಆಟಕ್ಕೆ, ಜನ ಯಾಕೆ ಸೇರುತ್ತಾರೆ ಹೇಳು? ಸಂಧಾನ ಮುರಿಯುತ್ತದೆ, ಯುದ್ಧ ಆಗುತ್ತದೆ ಅನ್ನುವುದು ಮಕ್ಕಳಿಗೂ ಗೊತ್ತು. ಆದರೂ ಕೌರವನ ಅರ್ಥ ಹೇಳುವವರು ಪೀಠಿಕೆ ಎತ್ತಿಕೊಂಡರೆಂದರೆ ಕವಳದ ಸಂಚಿ ಬಿಚ್ಚುತ್ತಿದ್ದವನ ಕೈಯೂ ನಿಲ್ಲುತ್ತದೆ. ಏನಾಗುತ್ತದೆ ಅನ್ನುವ ಚಿಂತೆ ಇಲ್ಲದವನಿಗೇ ಹೇಗಾಗುತ್ತದೆ ಅನ್ನುವುದು ಕಾಣುವುದು. ಕೊನೆ ಗೊತ್ತಿರುವುದು ನಮಗೆ, ಪಾತ್ರಗಳಿಗಲ್ಲ. ಪಾದ್ರಿಯ ಕಾಗದ ರೋಮಿಯೋನ ಕೈಸೇರದೆ ಉಳಿದಾಗ ನಾವು ಕೂತಲ್ಲೇ ಒದ್ದಾಡುವುದು ಅದಕ್ಕೇ. ಗ್ರೀಕರ ಯೂರಿಪಿಡೀಸ್ ಇನ್ನೂ ನಿಷ್ಠುರಿ. ಕ್ರಿ.ಪೂ. 428ರ ‘ಹಿಪೊಲಿಟಸ್’ನಲ್ಲಿ ದೇವತೆಯೇ ಮೊದಲು ಬಂದು, ಈ ಹುಡುಗ ಇವತ್ತೇ ಸಾಯುತ್ತಾನೆ, ಸಾಯಿಸುವವಳು ನಾನೇ ಎಂದು ಹೇಳಿ ಹೋಗುತ್ತಾಳೆ.

ಎಲ್ಲರೂ ಕತೆ ಹೇಳಲಿಕ್ಕೇ ಈ ಪ್ರಸ್ತಾವನೆಯನ್ನು ಬಳಸಿದ್ದೂ ಅಲ್ಲ. ರೋಮಿನ ಟೆರೆನ್ಸ್ ಇಲ್ಲಿ ತನ್ನ ಟೀಕಾಕಾರರ ಜೊತೆ ಜಗಳ ಆಡುತ್ತಾನೆ. ಅವನ ‘ಅತ್ತೆ’ ನಾಟಕವನ್ನು ಕ್ರಿ.ಪೂ. 165ರಲ್ಲಿ ಆಡುವಾಗ, ಹಗ್ಗದ ಮೇಲೆ ನಡೆಯುವವನು ಬರುತ್ತಾನಂತೆ ಎಂಬ ಗದ್ದಲದಲ್ಲಿ ನಿಲ್ಲಿಸಬೇಕಾಯಿತು. 160ರಲ್ಲಿ ಮತ್ತೆ ಹೂಡಿದರೆ ಕತ್ತಿಮಲ್ಲರ ಕಾಳಗದ ಸುದ್ದಿ ಕೇಳಿ ಜನ ನುಗ್ಗಿದರು. ಅದೇ ವರ್ಷ ಮೂರನೆಯ ಸಲ, ತಂಡದ ಯಜಮಾನನೇ ಮುಂದೆ ಬಂದು ಎರಡೂ ಕತೆ ಹೇಳಿ, ದಯಮಾಡಿ ಈ ಸಲ ಕೂತುಕೊಳ್ಳಿ ಎಂದು ಕೇಳಿಕೊಂಡ. ಕೂತರು.

ಪ್ರಶ್ನೆ: ಪುಸ್ತಕದ ಮುನ್ನುಡಿ ಓದದೆ ಹಾರಿಸುವ ಚಟ ನನಗೆ. ತಪ್ಪೇ?
– ನಿವೃತ್ತ ಬ್ಯಾಂಕ್ ನೌಕರರು, ಕಾರವಾರ

ಉತ್ತರ: ಬೇರೆಯವರು ಬರೆದುಕೊಟ್ಟದ್ದಾದರೆ ಧಾರಾಳವಾಗಿ ಹಾರಿಸಿ, ನಾನೂ ಅದನ್ನು ಕೊನೆಗೇ ಓದುವುದು. ಕವಿಯೇ ಕಾವ್ಯದ ಒಳಗೆ ಇಟ್ಟದ್ದನ್ನು ಮಾತ್ರ ಬಿಡಬೇಡಿ. ಕುಮಾರವ್ಯಾಸನ ಪೀಠಿಕೆ ಓದಿ: ಅರಸರಿಗೆ ವೀರ, ಯೋಗಿಗಳಿಗೆ ತತ್ತ್ವ, ಮಂತ್ರಿಗಳಿಗೆ ಬುದ್ಧಿ, ವಿರಹಿಗಳಿಗೆ ಶೃಂಗಾರ ಎಂದು ಯಾರನ್ನೂ ಬಿಡದೆ ಕರೆಯುತ್ತಾನೆ. ಹಲಗೆ ಬಳಪ ಹಿಡಿದವನಲ್ಲ, ಇಟ್ಟ ಪದ ಅಳಿಸಿದವನಲ್ಲ ಎಂಬ ಜಂಬವೂ ಅಲ್ಲೇ ಇದೆ, ವೀರನಾರಾಯಣನೇ ಕವಿ, ನಾನು ಲಿಪಿಕಾರ ಎಂಬ ವಿನಯವೂ ಅಲ್ಲೇ ಇದೆ. ‘ಮೃಚ್ಛಕಟಿಕ’ದ ಪ್ರಸ್ತಾವನೆಯಂತೂ ತಮಾಷೆ. ಇದನ್ನು ಬರೆದ ಶೂದ್ರಕ 100 ವರ್ಷ 10 ದಿನ ಬದುಕಿ ಅಗ್ನಿಪ್ರವೇಶ ಮಾಡಿದ ಅನ್ನುತ್ತದೆ. ಹೋದವನು ತಾನು ಹೋದ ಸುದ್ದಿಯನ್ನು ಹೇಗೆ ಬರೆದ ಅಂತ ಪಂಡಿತರು ಇವತ್ತಿಗೂ ಜಗ್ಗಾಡುತ್ತಿದ್ದಾರೆ. ನಿಮಗೆ ಬಿಡುವಿದ್ದರೆ ನೀವೂ ಸೇರಿಕೊಳ್ಳಬಹುದು.