ಐಸ್ ಮೇಲೆ ಕಾರು ತಿರುಗಿದಾಗ ಬ್ರೇಕ್ ಒತ್ತಬೇಕಾ, ಬಿಡಬೇಕಾ?

ಪ್ರಶ್ನೆ: ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ರಾಚೆಸ್ಟರ್ ಊರಿನ ಹೊರಗೆ. ಇದು ನಮಗೆ ಇಲ್ಲಿ ಎರಡನೇ ಚಳಿಗಾಲ. ದಿನಾ ಹೊಲಗಳ ನಡುವಿನ ಕೌಂಟಿ ರಸ್ತೆಯಲ್ಲೇ ಓಡಾಟ. ಹೋದ ವಾರ ಬೆಳಗ್ಗೆ ಒಂದು ಸಣ್ಣ ಸೇತುವೆ ದಾಟಿ ತಿರುವಿನಲ್ಲಿ ಹೋಗುವಾಗ ಕಾರಿನ ಹಿಂಭಾಗ ಎಡಕ್ಕೆ ಜಾರಿತು. ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿಯಲ್ಲಿ ಗಡಗಡ ಅಂತು, ಹೆದರಿ ಕಾಲು ತೆಗೆದೆ. ಸ್ಟೀರಿಂಗ್ ಆಚೆ ಈಚೆ ತಿರುಗಿಸಿದೆ. ಕಾರು ಅರ್ಧ ಸುತ್ತು ತಿರುಗಿ ಪಕ್ಕದ ಹಳ್ಳಕ್ಕೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. 55 ಮೈಲಿ ಮಿತಿಯ ರಸ್ತೆಯಲ್ಲಿ ನಾನು 40ರಲ್ಲಿದ್ದೆ. ಗಾಡಿ ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುವಂಥದ್ದು. ರಸ್ತೆ ಮೇಲೆ ಹಿಮವೂ ಕಾಣಲಿಲ್ಲ. ಬ್ರೇಕ್‌ನಲ್ಲೇ ದೋಷ ಇದೆಯಾ?

ಉತ್ತರ: ನಿಮ್ಮ ಬ್ರೇಕ್ ಸರಿಯಾಗಿಯೇ ಇದೆ. ಆ ಗಡಗಡ ಎಬಿಎಸ್, ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ, ಕೆಲಸ ಮಾಡುವ ಸದ್ದು. ಚಕ್ರ ಲಾಕ್ ಆಗುವ ಸೂಚನೆ ಸಿಕ್ಕ ಕೂಡಲೇ ಅದು ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಬಿಟ್ಟು ಹಿಡಿಯುತ್ತದೆ. ನೇರ ರಸ್ತೆಯಲ್ಲಿ ತುರ್ತಾಗಿ ನಿಲ್ಲಿಸುವಾಗ ಹಾಗೆ ನಡುಗಿದರೆ ಕಾಲು ತೆಗೆಯಲೇಬಾರದು, ಗಟ್ಟಿಯಾಗಿ ಒತ್ತಿಯೇ ಹಿಡಿಯಬೇಕು.

ಆದರೆ ನಿಮ್ಮದು ತಿರುವು. ಅಲ್ಲಿ ಕಾಲು ತೆಗೆದದ್ದಕ್ಕಿಂತ ಮೊದಲು ಒತ್ತಿದ್ದೇ ಜಾಸ್ತಿ ತೊಂದರೆ ಕೊಟ್ಟಿದೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಆಗಲೇ ಜಾರುತ್ತಿದ್ದ ಹಿಂಭಾಗ ಇನ್ನೂ ಸಡಿಲವಾಯಿತು. ಹಿಂಭಾಗ ಜಾರಿದರೆ ಎರಡೂ ಪೆಡಲ್ ಬಿಡಿ. ಅದು ಎಡಕ್ಕೆ ಹೋದರೆ ಸ್ಟೀರಿಂಗನ್ನೂ ಎಡಕ್ಕೆ ಮೆಲ್ಲಗೆ ತಿರುಗಿಸಿ. ಗಾಬರಿಯಲ್ಲಿ ಎಡ ಬಲ ಮರೆತುಹೋಗುತ್ತದೆ ಅಲ್ವಾ? ಅದಕ್ಕೇ ನಾನು ಹೇಳುವುದು: ನೀವು ಹೋಗಬೇಕಾದ ಕಡೆಗೇ ನೋಡಿ, ಕೈ ತಾನಾಗಿ ಅತ್ತ ತಿರುಗುತ್ತದೆ. ಹಳ್ಳವನ್ನು ನೋಡಿದರೆ ಕಾರು ಹಳ್ಳಕ್ಕೇ ಹೋಗುತ್ತದೆ. ಹಿಂಭಾಗ ವಾಪಸ್ ಬರಲು ಶುರುವಾದ ಕೂಡಲೇ ಸ್ಟೀರಿಂಗ್ ನೇರ ಮಾಡಿ. ತಡ ಮಾಡಿದರೆ ಕಾರು ಇನ್ನೊಂದು ಕಡೆಗೆ ಬೀಸಿ ಹೊಡೆಯುತ್ತದೆ. ಮೊದಲು ಜಾರಿದ್ದಕ್ಕಿಂತ ಈ ಎರಡನೇ ಬೀಸೇ ಅಪಾಯ. ನಿಮ್ಮದರಲ್ಲೂ ಇದೇ ಆಗಿರಬೇಕು.

ಮುಂಭಾಗ ಜಾರಿದರೆ ಮಾತು ಬೇರೆ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿರುತ್ತದೆ. ಆಗ ಎಲ್ಲರೂ ಇನ್ನಷ್ಟು ತಿರುಗಿಸುತ್ತಾರೆ. ಅದು ಉಲ್ಟಾ ಕೆಲಸ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ಸ್ವಲ್ಪ ವಾಪಸ್ ತನ್ನಿ. ಟೈರು ಮತ್ತೆ ಹಿಡಿತ ಕಂಡುಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದೆನಾದರೂ ಕೈಚಳಕಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ನಿಮ್ಮ ವಿಷಯ ತೀರ್ಮಾನವಾದದ್ದು ಸೇತುವೆಗೆ ಮೊದಲು, ಆ 40ರಲ್ಲಿ. ಲೆಕ್ಕ ನೋಡಿ. ಒಣ ಟಾರಿನಲ್ಲಿ 40 ಮೈಲಿ, ಅಂದರೆ 64 ಕಿ.ಮೀ. ವೇಗದಿಂದ ಬ್ರೇಕ್ ಹಾಕಿದರೆ ಕಾರು ಸುಮಾರು 22 ಮೀಟರಿನಲ್ಲಿ ನಿಲ್ಲುತ್ತದೆ. ಐಸ್ ಮೇಲೆ ಹಿಡಿತ ಅದರ ಏಳೆಂಟರಲ್ಲಿ ಒಂದು ಪಾಲು ಮಾತ್ರ. ಅಲ್ಲಿ ಬೇಕಾಗುವುದು 160 ಮೀಟರಿನಷ್ಟು. ವೇಗ ಅರ್ಧ ಮಾಡಿ 20ಕ್ಕೆ ಇಳಿಸಿದರೆ ದೂರ ಅರ್ಧವಲ್ಲ, ಕಾಲು ಭಾಗವಾಗುತ್ತದೆ, 40 ಮೀಟರ್. ಫಲಕದ ಮೇಲಿನ 55 ಒಣ ದಿನದ ಮಾತು.

‘ಹಿಮ ಕಾಣಲಿಲ್ಲ’ ಅಂದಿರಿ. ಅದೇ ಬ್ಲ್ಯಾಕ್ ಐಸ್. ತೆಳ್ಳಗೆ, ಗಾಜಿನಷ್ಟು ಪಾರದರ್ಶಕ, ಕೆಳಗಿನ ಟಾರೇ ಕಾಣುತ್ತದೆ. ಸೇತುವೆ ಮೇಲೆ ಅದು ಮೊದಲು ಕಟ್ಟುತ್ತದೆ, ಯಾಕೆಂದರೆ ಕೆಳಗೆ ಬೆಚ್ಚಗಿಡುವ ಮಣ್ಣಿಲ್ಲ, ಮೇಲೂ ಕೆಳಗೂ ತಣ್ಣನೆ ಗಾಳಿ. ಮರದ ನೆರಳು ಬೀಳುವ ತಿರುವೂ ಹಾಗೇ. ಮುಂದಿನ ಗಾಡಿಯನ್ನು ಗಮನಿಸಿ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದೆ, ಆದರೆ ಅದರ ಟೈರಿನಿಂದ ನೀರು ಸಿಡಿಯುತ್ತಿಲ್ಲ ಅಂದರೆ ಅದು ನೀರಲ್ಲ. ನಿಮ್ಮ ಟೈರಿನ ಸದ್ದು ಇದ್ದಕ್ಕಿದ್ದಂತೆ ನಿಂತು, ಸ್ಟೀರಿಂಗ್ ಹಗುರವಾದರೆ ಐಸ್ ಮೇಲೆ ಬಂದಿದ್ದೀರಿ. ಮಲೆನಾಡಿನಲ್ಲಿ ಪಾಚಿ ಕಟ್ಟಿದ ಅಂಗಳ ದಾಟುವವರು ಹೇಗೆ ದಾಟುತ್ತಾರೋ ಹಾಗೆ ದಾಟಿಬಿಡಿ: ಸರಕ್ಕನೆ ನಿಲ್ಲಬೇಡಿ, ಸರಕ್ಕನೆ ತಿರುಗಬೇಡಿ.

ಇನ್ನೊಂದು ಮಾತು. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗಿಂತ ಸೊನ್ನೆಯ ಆಸುಪಾಸಿನ ಐಸ್ ಜಾಸ್ತಿ ಜಾರುತ್ತದೆ, ಮೇಲೊಂದು ನೀರಿನ ಪದರ ಇರುತ್ತದೆ. ಹಾಗಂತ ಕೊರೆಯುವ ಚಳಿಯಲ್ಲಿ ರಸ್ತೆಗೆ ಹಾಕಿದ ಉಪ್ಪನ್ನು ನಂಬಬೇಡಿ. ಮೈನಸ್ 9ಕ್ಕಿಂತ ಕೆಳಗೆ ಮಾಮೂಲಿ ಉಪ್ಪಿನ ಕೆಲಸ ತೀರಾ ನಿಧಾನ.

ಆಲ್ ವೀಲ್ ಡ್ರೈವ್ ಹೊರಡಲು ಸಹಾಯ ಮಾಡುತ್ತದೆ. ನಿಲ್ಲಿಸುವಾಗ ಅದರಿಂದ ಏನೂ ಲಾಭವಿಲ್ಲ. ನಾಲ್ಕು ಚಕ್ರಕ್ಕೂ ಬ್ರೇಕ್ ಎಲ್ಲ ಕಾರಿನಲ್ಲೂ ಇದೆ! ಆ ದುಡ್ಡು ವಿಂಟರ್ ಟೈರಿಗೆ ಹಾಕಿ. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ರಬ್ಬರ್ ಗಡುಸಾಗುತ್ತದೆ, ಇದು ಮೆತ್ತಗಿರುತ್ತದೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳಿನ ಗುರುತು ನೋಡಿ ಕೊಳ್ಳಿ. ಎರಡಲ್ಲ, ನಾಲ್ಕೂ. ಮುಂದೆ ಮಾತ್ರ ಹಾಕಿಸಿದರೆ ಹಿಂಭಾಗ ಜಾರುವುದು ಇನ್ನೂ ಸುಲಭ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ವೇಗವನ್ನು ತಾನಾಗಿ ಒಂದೇ ಮಟ್ಟದಲ್ಲಿಡುವ ಕ್ರೂಸ್ ಕಂಟ್ರೋಲ್ ವಸಂತ ಬರುವ ತನಕ ಮರೆತುಬಿಡಿ.

ಮತ್ತೆ ಹಳ್ಳಕ್ಕೆ ಇಳಿದು ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆದು ಹೋಗಬೇಡಿ, 911ಕ್ಕೆ ಕರೆ ಮಾಡಿ. ಹೀಟರ್‌ಗಾಗಿ ಎಂಜಿನ್ ಹಾಕುವ ಮುಂಚೆ ಸೈಲೆನ್ಸರ್ ಬಾಯಿಯ ಹಿಮ ಕೆರೆದು ತೆಗೆಯಿರಿ. ಅದು ಮುಚ್ಚಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬರುತ್ತದೆ. ವಾಸನೆಯಿಲ್ಲ, ಗೊತ್ತೇ ಆಗುವುದಿಲ್ಲ. ಗಂಟೆಗೆ ಹತ್ತು ನಿಮಿಷ ಹಾಕಿದರೆ ಸಾಕು, ಕಿಟಕಿ ಒಂದಿಷ್ಟು ತೆರೆದಿರಲಿ.

ಪ್ರಶ್ನೆ: ಬೆಂಗಳೂರಿನಿಂದ ನಮ್ಮ ಹ್ಯಾಚ್‌ಬ್ಯಾಕ್‌ನಲ್ಲೇ ಜನವರಿಯಲ್ಲಿ ಮನಾಲಿಗೆ ಹೊರಟಿದ್ದೇವೆ. ಹಿಮದಲ್ಲಿ ಹಿಡಿತಕ್ಕೆ ಟೈರಿಗೆ ಸುತ್ತುವ ಚೈನ್ ಕೊಂಡರೆ ಅಟಲ್ ಸುರಂಗ ದಾಟಿ ಆಚೆ ಬದಿಯ ಸಿಸ್ಸು ಊರಿಗೆ ಹೋಗಬಹುದಾ?

ಉತ್ತರ: ಹಿಮ ಬಿದ್ದ ದಿನ ಮನಾಲಿಯಿಂದ ಮುಂದಕ್ಕೆ ಪೊಲೀಸರು ಸಾಮಾನ್ಯವಾಗಿ ಫೋರ್ ಬೈ ಫೋರ್ ಅಥವಾ ಚೈನ್ ಹಾಕಿದ ಗಾಡಿಗಳನ್ನೇ ಬಿಡುತ್ತಾರೆ. ನಿಮ್ಮ ಕಾರಿಗೆ ಚೈನ್ ಮುಂದಿನ ಚಕ್ರಕ್ಕೆ, ಎಂಜಿನ್ ಎಳೆಯುವುದು ಅದನ್ನೇ. ಮನೆ ಮುಂದೆ ಒಂದು ಸಲ ಹಾಕಿ ತೆಗೆದು ನೋಡಿ, ಕೈ ಮರಗಟ್ಟಿದಾಗ ಕಲಿಯುವ ಕೆಲಸವಲ್ಲ. ಹಾಕಿದ ಮೇಲೆ 30 ಕಿ.ಮೀ. ದಾಟಬೇಡಿ. 9 ಕಿ.ಮೀ. ಉದ್ದದ ಸುರಂಗದೊಳಗೆ ಒಣ ರಸ್ತೆ ಸಿಕ್ಕಿ ವೇಗ ತಾನಾಗಿ ಏರುತ್ತದೆ, ಹೊರಬಂದ ಕೂಡಲೇ ಐಸ್ ಇರಬಹುದು. ನನ್ನನ್ನು ಕೇಳಿದರೆ ಕಾರು ಮನಾಲಿಯಲ್ಲಿ ಬಿಟ್ಟು ಆ ಒಂದು ದಿನ ಅಲ್ಲಿನ ಡ್ರೈವರ್ ಜೊತೆ ಹೋಗಿ.

ಹೊರಡುವ ಮುಂಚೆ ರೇಡಿಯೇಟರ್ ನೋಡಿಸಿ. ನಮ್ಮ ಕಡೆ ಸುಮ್ನೆ ನಲ್ಲಿ ನೀರು ಹಾಕಿ ಓಡಿಸುತ್ತಾರೆ, ಅಲ್ಲಿ ರಾತ್ರಿ ಅದು ಗಡ್ಡೆಯಾಗಿ ಎಂಜಿನ್ನೇ ಬಿರುಕು ಬಿಡಬಹುದು. ನೀರು ಗಡ್ಡೆಯಾಗದಂತೆ ತಡೆಯುವ ಕೂಲಂಟ್ ಸರಿಯಾದ ಪ್ರಮಾಣದಲ್ಲಿ ಇರಲಿ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಬೆಳಗ್ಗೆ ಹಿಮಗಟ್ಟಿ ಅಂಟಿಕೊಂಡಿರಬಹುದು. ಸಮತಟ್ಟು ಜಾಗ ನೋಡಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹೋಗುವಾಗ ಆ ಕಲ್ಲನ್ನು ರಸ್ತೆ ಮೇಲೇ ಬಿಟ್ಟು ಹೋಗಬೇಡಿ.